ಒಂದು ಅಂಕದ ಅಳಿವೆ

ಇಪ್ಪತ್ತಾರು ವರ್ಷ ಮಕ್ಕಳಿಗೆ ಅಳಿವೆಯನ್ನು ಕಲಿಸಿದ ಮೇಲೆ ನಾನು ಮೊದಲ ಸಲ ಅಳಿವೆಯನ್ನು ಕಣ್ಣಾರೆ ಕಂಡೆ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ನಾಚಿಕೆಪಡುವುದು ಏನಿತ್ತೋ ಅದನ್ನೆಲ್ಲ ನಲವತ್ತು ಮಕ್ಕಳು, ಒಬ್ಬ ಹೆಡ್‌ಮಾಸ್ತರರು ಮತ್ತು ಒಂದು ಪಾತ್ರೆ ಬೇಯದ ಬೇಳೆಯ ಎದುರು ಆಗಲೇ ಪಟ್ಟು ಮುಗಿಸಿದ್ದೇನೆ.

ನಾನು ಇಂಡಿ ತಾಲೂಕಿನ ಕಡೆಯವಳು. ನಮ್ಮಪ್ಪ ನಿಂಬೆಹಣ್ಣಿನ ವ್ಯಾಪಾರಿ. ಸಾಲೋಟಗಿಯ ಹಳೆಯ ಶಾಸನದಲ್ಲಿ ಓದಿಸುವವರಿಗೂ ಓದುವವರಿಗೂ ಭೂಮಿ ಬಿಟ್ಟದ್ದನ್ನು ಕೆತ್ತಿದ್ದಾರೆ ಎಂದು ಯಾರೋ ಅವನಿಗೆ ಹೇಳಿದ್ದರು. ಆ ಒಂದು ಕಲ್ಲನ್ನು ನಂಬಿ ಅವನು ನನ್ನನ್ನು ಬಿ.ಎಡ್. ಓದಿಸಿದ. ಭೂಮಿಯನ್ನು ಯಾರೂ ಬಿಡಲಿಲ್ಲ; ಸರಕಾರ ಒಂದು ನೌಕರಿ ಕೊಟ್ಟಿತು, ಸಮಾಜ ವಿಜ್ಞಾನ ಕಲಿಸುವುದಕ್ಕೆ. ಸಿಂದಗಿ ತಾಲೂಕಿನಲ್ಲಿ ಒಂಬತ್ತು ವರ್ಷ, ಮುದ್ದೇಬಿಹಾಳದಲ್ಲಿ ಹತ್ತು ವರ್ಷ, ಆಮೇಲೆ ಬಸವನ ಬಾಗೇವಾಡಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ. ಭೀಮೆಯ ಕಡೆಯಿಂದ ಕೃಷ್ಣೆಯ ಕಡೆಗೆ, ಅಲ್ಲಿಂದ ಡೋಣಿಯ ಕಡೆಗೆ, ಹೀಗೆ ಹೊಳೆ ಹಿಡಿದುಕೊಂಡೇ ನನ್ನ ವರ್ಗಾವಣೆಗಳಾದವು. ಸಮುದ್ರದ ಕಡೆಗೆ ಮಾತ್ರ ಯಾರೂ ನನ್ನನ್ನು ವರ್ಗ ಮಾಡಲಿಲ್ಲ.

ಆದರೂ ಪ್ರತಿ ವರ್ಷ ಅಳಿವೆ ಬರುತ್ತಿತ್ತು. ನದಿಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಅಳಿವೆ ಎನ್ನುವರು, ಒಂದು ಅಂಕ. ಕಂಠಪಾಠ ಮಾಡಿಸಿದರೆ ಮುಗಿಯುವ ಮಾತು. ಆದರೆ ನಮ್ಮ ಮಕ್ಕಳ ನಾಲಿಗೆಯ ಮೇಲೆ ಆ ಶಬ್ದ ಕೂರುತ್ತಲೇ ಇರಲಿಲ್ಲ. ನಮ್ಮ ಕಡೆ ಹೊಳೆಗೆ ದಂಡೆ ಇದೆ, ಮಡುವು ಇದೆ, ಎರಡು ಹೊಳೆ ಕೂಡಿದರೆ ಕೂಡಲ ಇದೆ. ಹೊಳೆಯ ಕೊನೆಗೆ ಮಾತ್ರ ಯಾವ ಮಾತೂ ಇಲ್ಲ, ಏಕೆಂದರೆ ನಮ್ಮ ಯಾವ ಹೊಳೆಯೂ ನಮ್ಮ ಕಣ್ಣೆದುರು ಮುಗಿಯುವುದಿಲ್ಲ. ಹೋಗುತ್ತದೆ, ಅಷ್ಟೆ. ಹಾಗಾಗಿ ನಾನು ಒಂದು ಉಪಾಯ ಕಂಡುಕೊಂಡಿದ್ದೆ. ಊರಿಗೆ ಅಗಸಿ ಇರುವುದಿಲ್ಲವೇ, ಊರು ಮುಗಿಯುವಲ್ಲಿ ದೊಡ್ಡ ಬಾಗಿಲು, ಹಾಗೆ ಹೊಳೆಯ ಅಗಸಿಯೇ ಅಳಿವೆ ಎನ್ನುತ್ತಿದ್ದೆ. ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಒಂದು ಹೊಳೆ, ಬಲಗಡೆ ಅಲೆ ಅಲೆಯಾಗಿ ಸಮುದ್ರ, ಹೊಳೆಯ ಹೊಟ್ಟೆಯಲ್ಲಿ ಸಾಲಾಗಿ ಬಾಣಗಳು, ಎಲ್ಲವೂ ಸಮುದ್ರದ ಕಡೆಗೆ. ಆ ಚಿತ್ರ ಬರೆಯುವುದರಲ್ಲಿ ನನ್ನ ಕೈ ಎಷ್ಟು ಪಳಗಿತ್ತೆಂದರೆ, ಮಕ್ಕಳ ಕಡೆ ಮುಖ ಮಾಡಿ ನಿಂತು ಬೆನ್ನ ಹಿಂದೆ ಕೈ ಹಾಕಿ ಬರೆಯಬಲ್ಲವಳಾಗಿದ್ದೆ. ಕಾಣದ ವಸ್ತುವಿನ ಮೇಲೆ ನನಗಿದ್ದ ಧೈರ್ಯ ಕಂಡ ವಸ್ತುವಿನ ಮೇಲೆ ಎಂದೂ ಇರಲಿಲ್ಲ.

ಬಾಗೇವಾಡಿಯ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳನ್ನು ಹೆಡ್‌ಮಾಸ್ತರರಿಂದ ಹಿಡಿದು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ಅವಳ ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಆಯಿ ಡೋಣಿಯ ದಂಡೆಯವಳು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ನಮ್ಮಲ್ಲಿ ಗಾದೆ. ಭೂಮಿ ಅಷ್ಟು ಹುಲುಸು. ಆದರೆ ಆ ಹೊಳೆಯ ನೀರನ್ನು ಬಾಯಿಗೆ ಹಾಕುವಂತಿಲ್ಲ, ಸವಳು, ಅಂದರೆ ಉಪ್ಪುಪ್ಪು. ದಂಡೆಯ ಎಷ್ಟೋ ಬಾವಿಗಳೂ ಹಾಗೆಯೇ. ಅದಕ್ಕೇ ಆ ಕಡೆಯವರಿಗೆ ಒಂದು ರೂಢಿ: ಯಾವ ಊರಿಗೆ ಹೋಗಲಿ, ಯಾವ ನೀರೇ ಕಾಣಲಿ, ಮೊದಲು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಸವಳು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂಬುದು ಅವರಿಗೆ ಮಗ್ಗಿಗಿಂತ ಮೊದಲು ಬರುವ ಪಾಠ. ಹೆಣ್ಣು ಕೊಡುವಾಗ ವರನ ಮೂಗು ಮೋರೆ ನೋಡುವ ಮೊದಲು ಆ ಊರಿನ ಬೇಳೆ ಬೇಯುತ್ತದೋ ಇಲ್ಲವೋ ವಿಚಾರಿಸುತ್ತಾರೆ. ಆಯಿಯಂತೂ ಶಾಲೆಯ ನಲ್ಲಿಯ ನೀರನ್ನೂ ದಿನಾ ಬೆಳಿಗ್ಗೆ ನೆಕ್ಕಿ ನೋಡಿಯೇ ಒಲೆ ಹೊತ್ತಿಸುತ್ತಿದ್ದಳು. ನಾನು ನಗುತ್ತಿದ್ದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಳಿವೆ ಬಂತು. ಮೊಮ್ಮಗಳು ಬರೆದಿದ್ದಳು: “ಹೊಳೆಯ ನೀರು ಸವಳಾಗುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಅಲ್ಲಿ ಬೇಳೆ ಬೇಯುವುದಿಲ್ಲ.”

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷದಿಂದ ಬಾಣ ಬರೆದು, ಅಗಸಿ ಹೇಳಿ ಕಲಿಸಿದರೆ ಈ ಹುಡುಗಿ ಬೇಳೆ ಬೇಯಿಸುತ್ತಿದ್ದಾಳೆ. ಕೆಂಪು ಪೆನ್ನಿನಿಂದ ಒಂದು ಸೊನ್ನೆ ಸುತ್ತಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸೊನ್ನೆಯ ಪಕ್ಕದಲ್ಲಿ “ಇದು ಅಡುಗೆಯಲ್ಲ, ಭೂಗೋಳ” ಎಂದು ಬರೆದೆ. ಬರೆದದ್ದು ನನಗೇ ಬಹಳ ಚೆನ್ನಾಗಿ ಕಂಡಿತು. ಚೆನ್ನಾಗಿ ಕಂಡ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣ ನನ್ನದಲ್ಲ. ಶಿಕ್ಷಕರ ಕೋಣೆಯಲ್ಲಿ ಉತ್ತರವನ್ನೂ ನನ್ನ ಷರಾವನ್ನೂ ಗಟ್ಟಿಯಾಗಿ ಓದಿದೆ. ಹೆಡ್‌ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಹೊತ್ತಿಗೆ ಆಯಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚಹಾ ಇಟ್ಟಳು, ಹೋದಳು.

ಆ ಒಂದು ಅಂಕದಿಂದ ಮೊಮ್ಮಗಳು ತರಗತಿಗೆ ಎರಡನೆಯವಳಾದಳು. ಊರಿನ ಕಿರಾಣಿ ಅಂಗಡಿಯವರ ಮಗಳು ಒಂದನೆಯವಳು.

ಉತ್ತರ ಪತ್ರಿಕೆ ಹಂಚಿದ ದಿನ ಸಂಜೆ ಆಯಿ ಅದನ್ನು ಮಡಚಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಆ ಕೆಂಪು ಸಾಲು ಎಲ್ಲಿದೆ ಎಂಬುದನ್ನು ಮೊಮ್ಮಗಳಿಂದ ಕೇಳಿಕೊಂಡು ಅದರ ಮೇಲೆ ಬೆರಳು ಇಟ್ಟುಕೊಂಡೇ ಬಂದಿದ್ದಳು. ಉತ್ತರ ಏಕೆ ತಪ್ಪು ಎಂದು ಕೇಳಿದಳು. ನಾನು ಪುಸ್ತಕ ತೆಗೆದು ತೋರಿಸಿದೆ. ಹೊಳೆ ಸಮುದ್ರಕ್ಕೆ ಸೇರಿದರೆ ನೀರು ಸವಳಾಗುತ್ತದೋ ಇಲ್ಲವೋ ಎಂದಳು. ಆಗುತ್ತದೆ ಎಂದೆ. ಸವಳಾದರೆ ಬೇಳೆ ಬೇಯುತ್ತದೋ ಎಂದಳು. ಅಲ್ಲಿ ಬೇಳೆ ಯಾರು ಇಡುತ್ತಾರೆ ಎಂದು ನಾನು ದನಿ ಏರಿಸಿದೆ. ಹೆಡ್‌ಮಾಸ್ತರರು ಕಪಾಟಿನ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು, ಆದ್ದರಿಂದ ಸೋಲುವಂತಿರಲಿಲ್ಲ.

ಆಗ ಆಯಿ ನಿಧಾನವಾಗಿ ಕೇಳಿದಳು: “ಅಕ್ಕೋರ, ನೀವು ನೋಡೀರೇನ್ರಿ ಅದನ್ನ?”

“ನೋಡೇನಿ,” ಎಂದೆ.

ಬಾಯಿಂದ ಬಂದೇ ಬಿಟ್ಟಿತು. ಪುಸ್ತಕದ ಚಿತ್ರದಲ್ಲಿ ನೋಡಿದ್ದೆನಲ್ಲ, ಅದೂ ನೋಡಿದ್ದೇ ಅಲ್ಲವೇ ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆದರೆ ಆಯಿ ನನ್ನ ಮುಖವನ್ನು ನೋಡಿದ ರೀತಿ ನೆನಪಾಗಿ ಆ ಸಮಾಧಾನ ಮುಂದಿನ ನಿಲ್ದಾಣದವರೆಗೂ ಬಾಳಲಿಲ್ಲ.

ಅವಳು ಜಗಳ ಮುಂದುವರಿಸಲಿಲ್ಲ. ಉತ್ತರ ಪತ್ರಿಕೆಯ ಆ ಹಾಳೆಯನ್ನು ಮಡಚಿ ಸೊಂಟದ ಎಲೆಯಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು. ಮರುದಿನದಿಂದ ನನ್ನ ಚಹಾ ಬದಲಾಯಿತು. ಸಕ್ಕರೆ ಇರುತ್ತಿತ್ತು, ಹಾಲು ಇರುತ್ತಿತ್ತು, ಜೊತೆಗೆ ಒಂದು ಚಿಟಿಕೆ ಉಪ್ಪೂ ಇರುತ್ತಿತ್ತು. ಉಪ್ಪು ಎಂದು ಹೇಳಲಾರದಷ್ಟು, ಇಲ್ಲವೆಂದೂ ಹೇಳಲಾರದಷ್ಟು. ಪಕ್ಕದ ಗಣಿತದ ಮಾಸ್ತರರ ಕಪ್ಪನ್ನು ಬದಲಿಸಿ ಕುಡಿದು ನೋಡಿದೆ, ಅದರಲ್ಲಿ ಇರಲಿಲ್ಲ. ದೂರು ಕೊಡೋಣವೆಂದರೆ ಏನೆಂದು ಕೊಡುವುದು? ಮೂರು ತಿಂಗಳು ನಾನು ಆ ಚಹಾ ಕುಡಿದೆ.

ನಾನು ಆಡಿದ ಸುಳ್ಳು ಮಾತ್ರ ಕಪಾಟಿನ ಮರೆಯಿಂದ ಹೊರಬಿದ್ದು ಊರೆಲ್ಲ ತಿರುಗಾಡಿತು. ನಮ್ಮ ಅಕ್ಕೋರು ಸಮುದ್ರ ನೋಡಿ ಬಂದವರು ಎಂದು ಹೆಡ್‌ಮಾಸ್ತರರು ಪಾಲಕರ ಸಭೆಯಲ್ಲಿ ಹೇಳಿದರು. ಜನವರಿಯಲ್ಲಿ ಶಾಲಾ ಪ್ರವಾಸದ ಮಾತು ಬಂದಾಗ ನಾನು ಪ್ರತಿವರ್ಷದಂತೆ ಗೋಳಗುಮ್ಮಟ ಎಂದೆ. ಅವರು ಕೈ ಅಡ್ಡ ಆಡಿಸಿ ಹೊನ್ನಾವರ ಎಂದರು. ಅಲ್ಲಿ ಶರಾವತಿಯ ಅಳಿವೆ ಇದೆ, ತರಬೇತಿಯಲ್ಲಿ ಅವರ ಜೊತೆಗಿದ್ದ ಒಬ್ಬ ಹೆಡ್‌ಮಾಸ್ತರರ ಶಾಲೆಯೂ ಇದೆ, ಉಳಿಯಲು ಜಾಗವಿದೆ. ದಾರಿ ತೋರಿಸಲು ಹೇಗೂ ನೀವಿದ್ದೀರಿ ಎಂದು ನನ್ನ ಕಡೆ ನೋಡಿ ನಕ್ಕರು. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಗಂಡಸರಿಗಷ್ಟೇ ಹೇಳಿದ ಮಾತಲ್ಲ. ಮಕ್ಕಳಿಗೆ ಅಡುಗೆ ಮಾಡಲು ಆಯಿ ಬರುವುದೆಂದೂ ತೀರ್ಮಾನವಾಯಿತು.

ಹೊರಡುವ ದಿನ ನಸುಕಿನಲ್ಲಿ ಆಯಿ ಎರಡು ದೊಡ್ಡ ಕ್ಯಾನ್ ನೀರು ತಂದು ಬಸ್ಸಿನ ಬಾಗಿಲಲ್ಲಿ ಇಟ್ಟಳು. ಏನಿದು ಎಂದು ಡ್ರೈವರ್ ಕೇಳಿದ. ಬಾಗೇವಾಡಿಯ ನಲ್ಲಿ ನೀರು, ಬೇಳೆ ಬೇಯಿಸಲು ಎಂದಳು. ಮಳೆ ಸುರಿಯುವ ಸೀಮೆಗೆ ನೀರು ಹೊತ್ತುಕೊಂಡು ಹೋಗುವವರನ್ನು ಇದೇ ಮೊದಲ ಸಲ ನೋಡಿದ್ದು ಎಂದು ಅವನು ನಕ್ಕ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಯಿ ಕ್ಯಾನುಗಳನ್ನು ಹಿಂದಿನ ಸೀಟಿನ ಕೆಳಗೆ ತುರುಕಿ, ಕೂಸು ಕಾಯುವವಳಂತೆ ಪಕ್ಕದಲ್ಲೇ ಕುಳಿತಳು. ಅವಳ ಇನ್ನೊಂದು ಗಂಟಿನಲ್ಲಿ ಉಡಿ ತುಂಬುವ ಸಾಮಾನು ಇತ್ತು: ಒಂದು ಖಣ, ತೆಂಗಿನಕಾಯಿ, ಅರಿಷಿಣ ಕುಂಕುಮ, ಹಿಡಿ ಅಕ್ಕಿ, ಉತ್ತತ್ತಿ. ಹೊಸ ಹೊಳೆ ಕಂಡರೆ ಮನೆಮಗಳೆಂದು ಉಡಿ ತುಂಬಬೇಕು, ಬರಿಗೈಯಲ್ಲಿ ನೋಡಬಾರದು ಎನ್ನುವುದು ಅವಳ ಮನೆತನದ ನಡೆ.

ಹುಬ್ಬಳ್ಳಿಯವರೆಗೆ ಎಲ್ಲ ಸುಖವಾಗಿತ್ತು. ನಮ್ಮ ಮಕ್ಕಳು ಹುಟ್ಟಿದಾರಭ್ಯ ಸಪಾಟು ನೆಲದ ಮೇಲೆ ನಡೆದವರು. ಅರಬೈಲ್ ಘಟ್ಟದ ಮೂರನೆಯ ತಿರುವಿಗೆ ಒಬ್ಬಳು ಬಾಯಿ ಮುಚ್ಚಿಕೊಂಡಳು, ಐದನೆಯ ತಿರುವಿಗೆ ಹನ್ನೊಂದು ಜನ ಕಿಟಕಿಗೆ ಬಿದ್ದರು. ಬಾಯಿ ತೊಳೆಸಲು, ಮುಖ ಒರೆಸಲು, ಬಸ್ಸು ತೊಳೆಯಲು ಒಂದು ಕ್ಯಾನ್ ಪೂರ್ತಿ ಖಾಲಿಯಾಯಿತು, ಎರಡನೆಯದರಲ್ಲಿ ತಳಕ್ಕೆ ನಾಲ್ಕು ತಂಬಿಗೆ ಉಳಿಯಿತು. ಆಯಿ ನೀರು ಸುರಿಯುವಾಗಲೆಲ್ಲ ತನ್ನ ಸ್ವಂತ ಆಸ್ತಿ ಹರಿದುಹೋಗುವಂತೆ ನೋಡುತ್ತಿದ್ದಳು. ಸಂಜೆ ಹೊನ್ನಾವರ ಮುಟ್ಟಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ಮಲಗಿದೆವು.

ಬೆಳಿಗ್ಗೆ ಆ ಶಾಲೆಯ ಅಂಗಳದ ಬಾವಿಯಿಂದ ನೀರು ಸೇದಿ ಆಯಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಕೊಡವನ್ನು ಅಲ್ಲೇ ಕೆಳಗಿಟ್ಟು ಈ ನೀರು ಬೇಡ ಎಂದಳು. ಅಳಿವೆ ಅಲ್ಲಿಂದ ಕೂಗಳತೆಯಲ್ಲಿತ್ತು. ಮೇಲಿನ ಕೇರಿಯಲ್ಲಿ ಬೇರೆ ಬಾವಿ ಇದೆಯಂತೆ, ಯಾರನ್ನಾದರೂ ಕಳಿಸೋಣ ಎಂದಳು. ನಾನೂ ಬೆರಳು ಅದ್ದಿ ನೋಡಿದೆ. ನನಗೆ ನೀರು ನೀರಿನ ಹಾಗೇ ಇತ್ತು. ಮೂರು ತಿಂಗಳು ಉಪ್ಪಿನ ಚಹಾ ಕುಡಿದ ನಾಲಿಗೆಗೆ ಇನ್ನೇನು ತಿಳಿದೀತು! ಸುತ್ತ ತೆಂಗು, ಹಸಿರು, ಎಲ್ಲಿ ನೋಡಿದರೂ ನೀರು. ಇಂಥ ಊರಿಗೆ ಬಂದು ನೀರಿಗಾಗಿ ಮೇಲಿನ ಕೇರಿಗೆ ಹೋಗುವುದೆಂದರೆ ಮರ್ಯಾದೆ ಹೋಗುತ್ತದೆ ಎಂದು ನಾನು ಜೊತೆಗೆ ಬಂದಿದ್ದ ನಮ್ಮ ಹೆಡ್‌ಮಾಸ್ತರರ ಮುಂದೆ ಹೇಳಿದೆ. ಇದೇ ನೀರಿನಲ್ಲಿ ಬೇಳೆ ಇಡು ಎಂದು ಆಯಿಗೆ ಅಪ್ಪಣೆಯನ್ನೂ ಮಾಡಿದೆ. ಉಳಿದಿದ್ದ ನಾಲ್ಕು ತಂಬಿಗೆ ಸಿಹಿನೀರನ್ನು ಮಕ್ಕಳಿಗೆ ಕುಡಿಯಲು ಹಂಚಿಸಿದೆ. ಆಯಿ ನನ್ನನ್ನು ಒಂದು ಸಲ ನೋಡಿದಳು, ಹೂಂ ಎಂದಳು, ಬೇಳೆಯನ್ನು ಸಣ್ಣ ಉರಿಯ ಮೇಲೆ ಇಟ್ಟು, ಅಲ್ಲಿಯ ಅಡುಗೆಯವಳಿಗೆ ನೋಡಿಕೊಳ್ಳಲು ಹೇಳಿ, ಉಡಿಯ ಗಂಟು ಎತ್ತಿಕೊಂಡು ನಮ್ಮ ಜೊತೆ ಹೊರಟಳು.

ಅಳಿವೆಯ ದಡದಲ್ಲಿ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ನೋಡಿ ಬಂದವಳ ಹಾಗೆ ನಿಲ್ಲಬೇಕಲ್ಲ, ಸೆರಗು ಸಿಕ್ಕಿಸಿಕೊಂಡು ಕೈ ಚಾಚಿದೆ. ಅದು ಅಷ್ಟು ದೊಡ್ಡದಿರುತ್ತದೆಂದು ನನ್ನ ಹಲಗೆ ನನಗೆ ಒಮ್ಮೆಯೂ ಹೇಳಿರಲಿಲ್ಲ. ಹೊಳೆ ಎಲ್ಲಿ ಮುಗಿಯಿತು, ಸಮುದ್ರ ಎಲ್ಲಿ ಶುರುವಾಯಿತು ಎಂಬುದಕ್ಕೆ ಒಂದು ಗೆರೆಯೂ ಇರಲಿಲ್ಲ. ನಡುವೆ ಮರಳಿನ ದಿಬ್ಬ, ಅದರಾಚೆ ಬಿಳಿ ನೊರೆ, ಈಚೆ ಹಸಿರು ನೀರು. ಕಣ್ಣಲ್ಲಿ ನೀರು ಬಂತು, ಗಾಳಿಗೆ ಎಂದುಕೊಂಡು ಒರೆಸಿಕೊಂಡೆ. ಆಮೇಲೆ ಬಾಯಿ ತೆರೆದು ಎಂದಿನ ಪಾಠ ಶುರುಮಾಡಿದೆ: ಇಗೋ, ಹೊಳೆ ಹೀಗೆ ಬಂದು ಹೀಗೆ ಸಮುದ್ರಕ್ಕೆ ಹೋಗುತ್ತದೆ.

ಮೊಮ್ಮಗಳು ಕೈ ಎತ್ತಿದಳು. “ಅಕ್ಕೋರ, ಹೊಳಿ ಹಿಂದಕ ಹೊಂಟೈತ್ರಿ.”

ನೋಡಿದೆ. ಹೌದು. ಒಂದು ಒಣಗಿದ ತೆಂಗಿನ ಗರಿ ಸಮುದ್ರದ ಕಡೆಯಿಂದ ತೇಲುತ್ತ ಬಂದು, ನಮ್ಮೆದುರೇ ಹಾದು, ಊರಿನ ಕಡೆಗೆ ಹೋಗುತ್ತಿತ್ತು. ಅದರ ಹಿಂದೆ ಒಂದು ಚಪ್ಪಲಿ. ನನ್ನ ಇಪ್ಪತ್ತಾರು ವರ್ಷದ ಬಾಣಗಳೆಲ್ಲ ಸುಮ್ಮನೆ ತಿರುಗಿಕೊಂಡು ಮನೆಗೆ ಹೊರಟಿದ್ದವು. ನಲವತ್ತು ಮಕ್ಕಳು ನನ್ನ ಮುಖ ನೋಡಿದರು. ಗಾಳಿ ಐತಿ, ಅದಕ್ಕ ಎಂದುಬಿಟ್ಟೆ. ಒಂದು ಸುಳ್ಳಿನ ಹಿಂದೆ ಇನ್ನೊಂದು ಬಂದೇ ಬರುತ್ತದೆ.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮೀನುಗಾರರ ಹೆಂಗಸೊಬ್ಬಳು ಇದನ್ನು ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಗಾಳಿಯಲ್ಲ, ಉಬ್ಬರ ಎಂದಳು. ದಿನಕ್ಕೆ ಎರಡು ಸಲ ಸಮುದ್ರ ಹೊಳೆಯೊಳಗೆ ಬರುತ್ತದೆ, ಎರಡು ಸಲ ತಿರುಗಿ ಹೋಗುತ್ತದೆ. ಉಬ್ಬರ ಇಳಿತ ನನಗೆ ಗೊತ್ತಿಲ್ಲದ್ದೇನಲ್ಲ, ಚಂದ್ರ ಸೂರ್ಯರ ಚಿತ್ರ ಬರೆದು ಕಲಿಸಿದ್ದೇನೆ. ಆದರೆ ಅದು ಬೇರೆ ಪಾಠ. ಅಳಿವೆ ಒಂದು ಪಾಠದಲ್ಲಿ ಬರುತ್ತಿತ್ತು, ಉಬ್ಬರ ಇನ್ನೊಂದರಲ್ಲಿ. ಇಷ್ಟು ವರ್ಷವಾದರೂ ಆ ಎರಡೂ ಒಂದನ್ನೊಂದು ಭೇಟಿಯಾಗಲು ನಾನು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಆ ಹೆಂಗಸು ಥಟ್ಟನೆ ಎದ್ದು ನಿಂತಳು. ದಡದಲ್ಲಿದ್ದ ಬೇರೆ ಹೆಂಗಸರೂ ನಿಂತರು. ದೂರದ ನೊರೆಯಲ್ಲಿ ಒಂದು ದೋಣಿ ಕಾಣಿಸಿತು. ಏಳುತ್ತ, ಬೀಳುತ್ತ, ಮರಳಿನ ದಿಬ್ಬದ ಪಕ್ಕದ ಸಣ್ಣ ಸಂದಿಯನ್ನು ಹುಡುಕಿಕೊಂಡು ಬರುತ್ತಿತ್ತು. ನಮ್ಮ ಮಕ್ಕಳೂ ಏನೋ ತಿಳಿದವರಂತೆ ಅತ್ತಲೇ ನೋಡತೊಡಗಿದರು. ದೋಣಿ ದಾಟಿ ಈಚೆಯ ಹಸಿರು ನೀರಿಗೆ ಬಂದಾಗ ಆ ಹೆಂಗಸು ಉಸಿರು ಬಿಟ್ಟು ಕುಳಿತಳು. ಅಳಿವೆಯ ಒಳಗೆ ಬಂದರೆ ಮನೆಗೆ ಬಂದ ಹಾಗೆ, ಅಲ್ಲಿಯವರೆಗೆ ಜೀವ ಕೈಯಲ್ಲಿ ಎಂದಳು. ಅವಳ ಗಂಡ ಆ ದೋಣಿಯಲ್ಲಿದ್ದ.

ನಾನು ಅಗಸಿಯ ಮಾತನ್ನು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಊರು ಮುಗಿಯುವ ಜಾಗ ಅಂತಲೇ ಹೇಳಿದ್ದೆ. ಇಂಡಿಯಲ್ಲಿ ನಮ್ಮಪ್ಪ ಸಂತೆಗಳಿಂದ ತಿರುಗಿ ಬರುವ ಸಂಜೆ ನಾವು ಮಕ್ಕಳು ಊರ ಬಾಗಿಲಿಗೆ ಹೋಗಿ ಕಾಯುತ್ತಿದ್ದೆವು. ಊರು ಮುಗಿಯುತ್ತದೆಂದು ಯಾರೂ ಅಲ್ಲಿ ಹೋಗಿ ನಿಲ್ಲುವುದಿಲ್ಲ. ನಮ್ಮವರು ಒಳಗೆ ಬರುತ್ತಾರೆಂದು ನಿಲ್ಲುತ್ತಾರೆ. ಇದನ್ನು ತಿಳಿಯಲು ನಾನು ಘಟ್ಟ ಇಳಿಯಬೇಕಾಯಿತು.

ಆಯಿ ಮಾತ್ರ ತನ್ನ ಕೆಲಸದಲ್ಲಿದ್ದಳು. ಮೊಣಕಾಲ ನೀರಿನಲ್ಲಿ ನಿಂತು ಹೊಳೆಗೆ ಅರಿಷಿಣ ಕುಂಕುಮ ಏರಿಸಿ, ಖಣ ಕಾಯಿ ಬಿಟ್ಟಳು. ಉಬ್ಬರಕ್ಕೆ ಕಾಯಿ ತಿರುಗಿ ಅವಳ ಕಾಲಿಗೇ ಬಂತು. ಮತ್ತೆ ಬಿಟ್ಟಳು, ಮತ್ತೆ ಬಂತು. ಮೂರನೆಯ ಸಲ ಅವಳು ಅದನ್ನು ಎತ್ತಿ, ಉಡಿ ತುಂಬಿಸಿಕೊಂಡವಳೇ ತಿರುಗಿ ಉಡಿ ತುಂಬಿದರೆ ಬೇಡವೆನ್ನಬಾರದು ಎಂದು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ನನ್ನ ಕಡೆ ನೋಡಲಿಲ್ಲ, ಅದೇ ನನಗೆ ಕಷ್ಟವಾದದ್ದು.

ಮಧ್ಯಾಹ್ನ ಶಾಲೆಗೆ ಬಂದಾಗ ಬೇಳೆ ಕುದಿಯುತ್ತಿತ್ತು. ಎರಡೂವರೆ ತಾಸಿನಿಂದ ಕುದಿಯುತ್ತಲೇ ಇತ್ತು. ಅಲ್ಲಿಯ ಅಡುಗೆಯವಳು ಸೌಟಿನಲ್ಲಿ ತೆಗೆದು ತೋರಿಸಿದಳು. ಒಂದೊಂದು ಬೇಳೆಯೂ ಅಂಗಡಿಯಿಂದ ತಂದಾಗಿನಂತೆಯೇ ಇತ್ತು. ಮಳೆಗಾಲದಲ್ಲಿ ಈ ಬಾವಿ ಪರವಾಗಿಲ್ಲ, ಮಳೆ ನಿಂತ ಮೇಲೆ ಅಳಿವೆಯ ಉಪ್ಪು ಇಲ್ಲಿಯವರೆಗೆ ಏರುತ್ತದೆ, ತಾವು ಅಡುಗೆಗೆ ಮೇಲಿನ ಕೇರಿಯ ನೀರೇ ತರುವುದು ಎಂದಳು. ಬೆಳಿಗ್ಗೆ ಯಾಕೆ ಹೇಳಲಿಲ್ಲ ಎಂದರೆ, ನೀವು ಬಹಳ ತಿಳಿದವರ ಹಾಗೆ ಮಾತಾಡುತ್ತಿದ್ದಿರಿ, ನಡುವೆ ಹೇಗೆ ಬಾಯಿ ಹಾಕುವುದು ಎಂದಳು. ನಲವತ್ತು ಮಕ್ಕಳು ತಟ್ಟೆ ಬಡಿಯುತ್ತಿದ್ದರು. ಹೆಡ್‌ಮಾಸ್ತರರು ಹಸಿವಿಗೆ ಒಂದು ಬೇಳೆ ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಚ್ಚಿದರು.

ಆಯಿ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಳು. ನನ್ನನ್ನು ಹತ್ತಿರ ಕರೆದಳು. ಸೌಟನ್ನು ನನ್ನ ಮುಂದೆ ಹಿಡಿದು, ದನಿ ಏರಿಸದೆ ಕೇಳಿದಳು: “ಅಕ್ಕೋರ, ಇದು ಅಡಗಿ ಏನ್ರಿ, ಭೂಗೋಳ ಏನ್ರಿ?”

ನನಗೆ ಉತ್ತರ ಗೊತ್ತಿತ್ತು. ಆದರೆ ಅದಕ್ಕೂ ಮೊದಲು ಹೇಳಬೇಕಾದದ್ದು ಇನ್ನೊಂದಿತ್ತು. ಹೆಡ್‌ಮಾಸ್ತರರು ಪಕ್ಕದಲ್ಲೇ ಇದ್ದರು, ಮೊಮ್ಮಗಳು ತಟ್ಟೆ ಹಿಡಿದು ನಿಂತಿದ್ದಳು. ಇರಲಿ ಎಂದುಕೊಂಡೆ.

“ಆಯಿ, ನಾ ಅವತ್ತ ಸುಳ್ಳ ಹೇಳೇನಿ. ಇದನ್ನ ನಾ ನೋಡಿದ್ದ ಇವತ್ತ.”

“ಗೊತ್ತಿತ್ತ ಬಿಡ್ರಿ,” ಎಂದಳು ಆಯಿ. “ನೋಡಿದ್ರ ನಿಮಗ ಅಷ್ಟ ಸಿಟ್ಟ ಬರ್ತಿದ್ದಿಲ್ಲ.”

ಹೆಡ್‌ಮಾಸ್ತರರು ಬಾಯಲ್ಲಿದ್ದ ಬೇಳೆಯನ್ನು ನುಂಗಿ ಮೇಲಿನ ಕೇರಿಗೆ ನೀರು ತರಲು ಹೋದರು, ಸ್ವತಃ, ಎರಡೂ ಕ್ಯಾನು ಹಿಡಿದುಕೊಂಡು. ಮಕ್ಕಳ ತಟ್ಟೆಗೆ ನಾನು ಉಳಿದ ರೊಟ್ಟಿ, ಶೇಂಗಾ ಹಿಂಡಿ ಹಾಕಿದೆ. ಆಯಿ ಸೊಂಟದ ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಕೆಳಗಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು. ಮೂರು ತಿಂಗಳಲ್ಲಿ ಮಡಿಕೆಗಳು ಹರಿಯಲು ಬಂದಿದ್ದವು, ಒಂದು ಮೂಲೆಗೆ ಸುಣ್ಣ ಮೆತ್ತಿತ್ತು. ಕೆಂಪು ಸಾಲು ಮಾತ್ರ ಸ್ವಲ್ಪವೂ ಮಾಸಿರಲಿಲ್ಲ.

“ಕೆಂಪ ಪೆನ್ನ ತಂದೀರೇನು?”

ತಂದಿದ್ದೆ. ಶಿಕ್ಷಕಿಯ ಚೀಲದಲ್ಲಿ ಬಾಚಣಿಗೆ ಇಲ್ಲದಿರಬಹುದು, ಕೆಂಪು ಪೆನ್ನು ಇಲ್ಲದಿರುವುದಿಲ್ಲ. ಒಲೆಯ ಪಕ್ಕದ ಕಟ್ಟೆಯ ಮೇಲೆ ಹಾಳೆ ಹರಡಿದೆ. “ಇದು ಅಡುಗೆಯಲ್ಲ, ಭೂಗೋಳ” ಎಂಬ ಮಾತನ್ನು ಒಂದೊಂದೇ ಅಕ್ಷರ ಕಾಣದ ಹಾಗೆ ಹೊಡೆದು ಹಾಕಿದೆ. ಸೊನ್ನೆಯನ್ನು ಹೊಡೆದು ಒಂದು ಎಂದು ಬರೆದೆ. ಇನ್ನು ಮೊಮ್ಮಗಳೂ ಅಂಗಡಿಯವರ ಮಗಳೂ ಇಬ್ಬರೂ ಒಂದನೆಯವರು ಎಂದು ಹೇಳಿ, ದೊಡ್ಡ ದಾನ ಮಾಡಿದವಳ ಹಾಗೆ ಹಾಳೆಯನ್ನು ಆಯಿಯ ಕೈಗೆ ಕೊಟ್ಟೆ.

ಆಯಿ ಅದನ್ನು ಮೊಮ್ಮಗಳ ಕೈಗೆ ಕೊಟ್ಟು, ಪ್ರಶ್ನೆಯನ್ನೂ ಉತ್ತರವನ್ನೂ ಓದಿಸಿ ಕೇಳಿದಳು. ಇನ್ನೊಂದು ಸಲ ಓದಿಸಿದಳು. ಆಮೇಲೆ ಹಾಳೆಯನ್ನು ನನ್ನ ಮುಂದೆ ಮತ್ತೆ ಹರಡಿದಳು.

“ಪೂರಾ ಯಾಕ ಕೊಟ್ರಿ? ಸಮುದ್ರ ಅಂತ ಎಲ್ಲೂ ಬರದೇ ಇಲ್ಲ ಆಕಿ. ಡೋಣಿಯೂ ಸವಳ ಐತಿ, ಹಂಗಂತ ಅದು ಅಳಿವಿ ಆಗ್ತೈತೇನು? ಅರ್ಧಾ ಕೊಡ್ರಿ. ಆ ಮಾತ ಹೊಡದ್ರಲ್ಲ, ನನಗ ಅಷ್ಟ ಸಾಕು.”

ಮೊಮ್ಮಗಳು ಅಜ್ಜಿಯ ಮುಖ ನೋಡಿದಳು. ಅರ್ಧ ಕೊಟ್ಟರೆ ಅವಳು ಎರಡನೆಯವಳಾಗಿಯೇ ಉಳಿಯುತ್ತಾಳೆ ಎಂದು ನಾನು ಬಿಡಿಸಿ ಹೇಳಿದೆ. ಆಯಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು. ನಾನು ಒಂದನ್ನು ಹೊಡೆದು ಅರ್ಧ ಎಂದು ಬರೆದೆ, ನಿಯಮದಂತೆ ಪಕ್ಕದಲ್ಲಿ ಸಹಿ ಹಾಕಿದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅಳಿವೆಗೆ ನಾನು ಸರಿಯಾಗಿ ಅಂಕ ಕೊಟ್ಟದ್ದು ಅದೊಂದೇ ಸಲ, ಅದೂ ಅಡುಗೆಯವಳು ಹೇಳಿಕೊಟ್ಟ ಮೇಲೆ. ನನ್ನ ಬಾಣಗಳಿಗೆ ಎಷ್ಟು ಕೊಡುತ್ತಿದ್ದಳೋ, ಕೇಳುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ತರರು ಏದುಸಿರು ಬಿಡುತ್ತ ನೀರು ತಂದರು. ಆಯಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿ, ತಲೆಯಾಡಿಸಿ, ಮೊದಲು ನನಗೊಂದು ಕಪ್ ಚಹಾ ಇಟ್ಟಳು. ಅದರಲ್ಲಿ ಉಪ್ಪಿರಲಿಲ್ಲ.